ಈ ಸಲ ಪಾತ್ರೆ ನಿಂದು

“ಅದಲ್ಲ ಕಣೇ, ಅದರ ಮೇಲಿಂದು,” ಎಂದಳು ದೊಡ್ಡಕ್ಕ ಕೆಳಗಿನಿಂದ.

ಏಣಿಯ ಮೇಲೆ ನಿಂತಿದ್ದ ಪುಟ್ಟಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಮೇಲೆ ನೋಡಿದಳು. ಮೇಲಿದ್ದ ಹಣ್ಣು ಇನ್ನೂ ಬಿರುಸಾಗಿತ್ತು, ತೊಟ್ಟು ನೆಟ್ಟಗೆ ನಿಂತಿತ್ತು. ಅವಳು ಕೀಳಲು ಹೊರಟಿದ್ದ ಹಣ್ಣಿನ ಕುತ್ತಿಗೆ ಬಾಗಿ, ಬುಡದಲ್ಲಿ ಸಣ್ಣ ಬಿರುಕು ಬಿಟ್ಟು, ಬಿರುಕಿನ ಬಾಯಲ್ಲಿ ಜೇನಿನಂಥ ಒಂದು ಹನಿ ನಿಂತಿತ್ತು. ಅಂಜೂರ ಕಿತ್ತ ಮೇಲೆ ಮಾಗುವ ಹಣ್ಣಲ್ಲ. ಮರದ ಮೇಲೆ ಎಷ್ಟು ಹಣ್ಣಾಗಿದೆಯೋ ಅಷ್ಟೇ. ಇದು ದೊಡ್ಡಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ, ಪುಟ್ಟಿಗೆ ಹೇಳಿಕೊಟ್ಟವಳೇ ಅವಳು. ಆದರೆ ಕೆಳಗೆ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುವವರಿಗೆ ಎಲ್ಲ ಹಣ್ಣೂ ಒಂದೇ ಬಣ್ಣ. ಹೇಳಿದರೆ ಮಾತು ಬೆಳೆಯುತ್ತದೆ ಎಂದುಕೊಂಡು ಪುಟ್ಟಿ ಮೇಲಿನದನ್ನೇ ಕಿತ್ತಳು. ತೊಟ್ಟಿನಿಂದ ಒಸರಿದ ಬಿಳಿಯ ಹಾಲು ಬೆರಳ ಸಂದಿಗೆ ಇಳಿದು ನವೆ ಶುರುವಾಯಿತು.

ದೊಡ್ಡಕ್ಕನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಮಾಡಿಕೊಂಡದ್ದು. ಆ ಕೈಯನ್ನು ಕುತ್ತಿಗೆಯಿಂದ ಇಳಿಬಿಟ್ಟ ಬಟ್ಟೆಯ ಜೋಲಿಯಲ್ಲಿ ಇಟ್ಟುಕೊಂಡು, ಎಡಗೈಯಲ್ಲಿ ಒಂದು ಕೋಲು ಹಿಡಿದು, ಅದರ ತುದಿಯಿಂದ ಒಂದೊಂದೇ ಹಣ್ಣನ್ನು ತೋರಿಸುತ್ತಿದ್ದಳು. ಮೂವತ್ತು ವರ್ಷ ಶಾಲೆಯಲ್ಲಿ ಭೂಪಟ ತೋರಿಸಿದ ಕೈ. ಎಡಗೈಗೆ ಬಂದರೂ ಅದರ ಗತ್ತು ಕಡಿಮೆಯಾಗಿರಲಿಲ್ಲ.

ಮರದ ಬುಡದಲ್ಲಿ ಸಣ್ಣಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಅವಳು ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ನರ್ಸು. ಅಲ್ಲಿಂದ ತಂದ ತೆಳು ಕೈಗವಸು ತೊಟ್ಟು, ಪುಟ್ಟಿ ಇಳಿಸಿದ ಬುಟ್ಟಿಯಿಂದ ಹಣ್ಣು ತೆಗೆದು ಎರಡು ಬಕೆಟ್ಟಿಗೆ ಬೇರೆ ಮಾಡುತ್ತಿದ್ದಳು. ಪುಟ್ಟಿ ಆಗಲೇ ಮರದ ಮೇಲೆ ಬೇರೆ ಮಾಡಿಯೇ ತುಂಬಿದ್ದಳು. ಮೆತ್ತಗಿನವು ಮೇಲೆ, ಗಟ್ಟಿಯವು ಅಡಿಗೆ. ಸಣ್ಣಕ್ಕ ಎಲ್ಲವನ್ನೂ ಸುರಿದು ಮೊದಲಿನಿಂದ ಆರಂಭಿಸಿದ್ದಳು. ನಡುವೆ ದೊಡ್ಡಕ್ಕ ಕೋಲಿನ ತುದಿಯಿಂದ ಒಂದೆರಡು ಹಣ್ಣನ್ನು ಈ ಬಕೆಟ್ಟಿನಿಂದ ಆ ಬಕೆಟ್ಟಿನತ್ತ ತಳ್ಳುತ್ತಿದ್ದಳು.

ಪುಟ್ಟಿ ಏಣಿಯ ಮೇಲಿಂದ ಇದನ್ನೆಲ್ಲ ನೋಡಿ, ನೋಡದವಳಂತೆ ಎಲೆಗಳ ನಡುವೆ ಮುಖ ಹುದುಗಿಸಿದಳು. ಉಪ್ಪುಕಾಗದದಂಥ ಒರಟು ಎಲೆ ಕೆನ್ನೆ ಕೆರೆಯಿತು.

ಆ ಮನೆಯಲ್ಲಿ ಮೊದಲಿನಿಂದ ಒಂದು ರೂಢಿಯಿತ್ತು. ಯಾರ ಕೆಲಸವನ್ನೂ ಯಾರೂ ಬಾಯಿಬಿಟ್ಟು ತಪ್ಪೆನ್ನುತ್ತಿರಲಿಲ್ಲ. ಮಾಡಿದವರು ಅತ್ತ ತಿರುಗಿದಾಗ ಎದ್ದುಹೋಗಿ ಸರಿಮಾಡಿ ಬರುತ್ತಿದ್ದರು. ಪುಟ್ಟಿ ಮಡಿಸಿದ ಬಟ್ಟೆಯನ್ನು ಅಮ್ಮ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಪುಟ್ಟಿ ಹಾಕಿದ ಬೀಗವನ್ನು ಸಣ್ಣಕ್ಕ ಜಗ್ಗಿ ನೋಡುತ್ತಿದ್ದಳು, ಸಣ್ಣಕ್ಕ ಜಗ್ಗಿದ್ದನ್ನು ದೊಡ್ಡಕ್ಕ ಜಗ್ಗುತ್ತಿದ್ದಳು. ಅಕ್ಕರೆಯೆಂದರೆ ಇದೇ ಎಂದು ಮೂವರೂ ನಂಬಿ ಬೆಳೆದಿದ್ದರು. ಪುಟ್ಟಿ ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಅವಳ ಹಿಂದೆ ಸರಿಮಾಡುವವರು ಹೆಚ್ಚು, ಅವಳು ಸರಿಮಾಡಬೇಕಾದವರು ಯಾರೂ ಇರಲಿಲ್ಲ. ಈಗ ಕಿವಿಯ ಪಕ್ಕ ನರೆ ಇಣುಕುತ್ತಿದ್ದರೂ ಅವಳು ಪುಟ್ಟಿಯೇ.

ಪ್ರತಿ ಬೇಸಿಗೆಯಲ್ಲೂ ಒಂದು ಶುಕ್ರವಾರ ಗಂಡ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಮೂವರೂ ಈ ತೋಟಕ್ಕೆ ಬಂದು ಭಾನುವಾರ ಹೊರಡುತ್ತಿದ್ದರು. ಹಣ್ಣಿನ ಕಾಲದಲ್ಲಿ ತೋಟದವನು ಹಿಂದಿನ ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದ. ಬೇಕಾದಷ್ಟು ಕಿತ್ತುಕೊಳ್ಳಬಹುದು, ಅಲ್ಲೇ ಜಾಮ್ ಕಾಯಿಸಿ ಸೀಸೆಗೆ ತುಂಬಿಕೊಂಡು ಹೋಗಬಹುದು. ಮೊದಲು ಸೌಟು ಅಮ್ಮನ ಕೈಯಲ್ಲಿತ್ತು. ಅವಳು ಹೋದ ಮೇಲೆ ದೊಡ್ಡಕ್ಕನ ಕೈಗೆ ಬಂತು. ಸೀಸೆ ಕುದಿಸುವುದು ಸಣ್ಣಕ್ಕನ ಪಾಲು. ಕೀಳುವುದು, ತೊಳೆಯುವುದು, ಹೆಚ್ಚುವುದು, ಕೊನೆಗೆ ತಳ ಹಿಡಿದ ಪಾತ್ರೆಯನ್ನು ಉಜ್ಜುವುದು ಪುಟ್ಟಿಯ ಪಾಲು.

ಕೈ ಮುರಿದ ಮೇಲೆ ದೊಡ್ಡಕ್ಕ ಫೋನಿನಲ್ಲಿ, “ಈ ಸಲ ಪಾತ್ರೆ ನಿಂದು, ನಾನು ಬಾಯಿ ಬಿಡಲ್ಲ,” ಎಂದಿದ್ದಳು. ನಗುತ್ತಲೇ ಹೇಳಿದ್ದಳು. ಪುಟ್ಟಿ ನಗಲಿಲ್ಲ. ಆ ಮಾತನ್ನು ಅವಳು ಬೇರೆ ಒಂದು ಲೆಕ್ಕಕ್ಕೆ ಸೇರಿಸಿಕೊಂಡಿದ್ದಳು, ಅದು ಅಕ್ಕಂದಿರಿಗೆ ಗೊತ್ತಿರಲಿಲ್ಲ.

ಪುಟ್ಟಿ ಒಂದು ದೊಡ್ಡ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಅಳೆದು, ಎಣಿಸಿ, ಚೀಟಿ ಅಂಟಿಸಿದ ಪ್ರತಿ ಪೊಟ್ಟಣವೂ ಮುಖ್ಯಸ್ಥೆಯ ಮೇಜು ದಾಟಿಯೇ ಔಷಧ ಕೊಡುವ ಕಿಟಕಿಗೆ ಹೋಗುತ್ತಿತ್ತು. ಮುಖ್ಯಸ್ಥೆ ಕನ್ನಡಕದ ಮೇಲಿಂದ ಒಮ್ಮೆ ನೋಡಿ “ಹೂಂ” ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಪುಟ್ಟಿಯ ಒಂದು ಪೊಟ್ಟಣವೂ ಹಿಂದಕ್ಕೆ ಬಂದಿರಲಿಲ್ಲ. ಆದರೂ ಆ “ಹೂಂ” ಕೇಳಿದ ಮೇಲೆಯೇ ಅವಳಿಗೆ ಉಸಿರು. ಈಗ ಆ ಮುಖ್ಯಸ್ಥೆ ನಿವೃತ್ತರಾಗುತ್ತಿದ್ದರು. ಅವರ ಜಾಗಕ್ಕೆ ನೀವೇ ಬರಬೇಕು ಎಂದು ಆಸ್ಪತ್ರೆಯ ಆಡಳಿತಾಧಿಕಾರಿ ಕರೆದು ಹೇಳಿದ್ದರು. ಪುಟ್ಟಿ ಯೋಚಿಸಿ ಹೇಳುತ್ತೇನೆ ಎಂದಿದ್ದಳು. ಭಾನುವಾರದೊಳಗೆ ತಿಳಿಸಿಬಿಡಿ, ಇಲ್ಲವಾದರೆ ಹೊರಗಿನಿಂದ ಯಾರನ್ನಾದರೂ ತರಬೇಕಾಗುತ್ತದೆ ಎಂದಿದ್ದರು ಅವರು.

ಆ ಮೇಜಿನ ಹಿಂದೆ ಕೂತರೆ ತನ್ನ ಹಿಂದೆ ಯಾರೂ ಇರುವುದಿಲ್ಲ ಎಂಬುದೊಂದೇ ಪುಟ್ಟಿಯ ತಲೆಯಲ್ಲಿ ಕೂತಿತ್ತು. ಗಂಡನಿಗೆ ಹೇಳಿದಾಗ ಅವನು, ಇದರಲ್ಲಿ ಯೋಚಿಸುವುದೇನಿದೆ ಎಂದು ಪತ್ರಿಕೆಯ ಹಾಳೆ ತಿರುವಿದ್ದ. ಅವಳು ತನ್ನೊಳಗೇ ಒಂದು ಪಣ ಕಟ್ಟಿಕೊಂಡಿದ್ದಳು. ದೊಡ್ಡಕ್ಕ ಎದುರಿಗೆ ಕೂತಿರುವಾಗಲೇ ಒಂದು ಪಾತ್ರೆ ಜಾಮನ್ನು ಮೊದಲಿನಿಂದ ಕೊನೆಯವರೆಗೆ ಯಾರನ್ನೂ ಕೇಳದೆ ಮಾಡಿ ಇಳಿಸಿದರೆ ಒಪ್ಪಿಕೊಳ್ಳುವುದು, ಆಗದಿದ್ದರೆ ಇಲ್ಲ. ಪಣ ಬಾಲಿಶವೆಂದು ಅವಳಿಗೇ ಅನ್ನಿಸಿತ್ತು. ಆದರೆ ಬೇರೆ ಯಾವ ಅಳತೆಗೋಲೂ ಅವಳ ಹತ್ತಿರ ಇರಲಿಲ್ಲ.

ಶನಿವಾರ ಮಧ್ಯಾಹ್ನ ಪಾತ್ರೆ ಒಲೆಯ ಮೇಲೇರಿತು. ಹೆಚ್ಚಿದ ಹಣ್ಣು ಸಕ್ಕರೆಯಲ್ಲಿ ನೆಂದು ನೀರು ಬಿಟ್ಟುಕೊಂಡಿತ್ತು. ಅಂಜೂರಕ್ಕೆ ತನ್ನದೇ ಹುಳಿ ಸಾಲದು. ನಿಂಬೆರಸ ಬೀಳದಿದ್ದರೆ ಜಾಮ್ ಗಟ್ಟಿಯಾಗುವುದಿಲ್ಲ, ಸೀಸೆಯಲ್ಲಿ ಬಾಳುವುದೂ ಇಲ್ಲ. ಪುಟ್ಟಿ ನಿಂಬೆಹಣ್ಣುಗಳನ್ನು ಹೋಳು ಮಾಡಿ ತಟ್ಟೆಯಲ್ಲಿಟ್ಟು, ಬೇಕಾದಷ್ಟನ್ನು ಹಿಂಡಿ ಉಳಿದದ್ದನ್ನು ಪಕ್ಕಕ್ಕೆ ಸರಿಸಿದಳು.

ದೊಡ್ಡಕ್ಕ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಪುಟ್ಟಿ ಸೌಟನ್ನು ಎಡಕ್ಕೆ ತಿರುವಿದಾಗ ಕೆಮ್ಮಿದಳು, ಬಲಕ್ಕೆ ತಿರುವಿದಾಗ ನಿಟ್ಟುಸಿರು ಬಿಟ್ಟಳು. ಉರಿ ಹೆಚ್ಚಿಸಿದಾಗ ಎದ್ದು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು.

ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಬರುತ್ತಿದ್ದುದು ಒಂದೇ ಕಡೆ, ಒಲೆಯ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ. ಸಣ್ಣಕ್ಕನಿಗೆ ಮಗನಿಗೆ ಫೋನು ಮಾಡಬೇಕಿತ್ತು. ಪರೀಕ್ಷೆ ಹತ್ತಿರ ಬಂದರೂ ಓದುತ್ತಿಲ್ಲ, ಸ್ವಲ್ಪ ಬೈಯಬೇಕು, ನೀನು ಹೊರಗಿರು ಎಂದಳು. ಪುಟ್ಟಿ ಹೇಗೂ ನವೆಯಾಗುತ್ತಿದ್ದ ಕೈ ತೊಳೆಯಲು ನಲ್ಲಿಯ ಕಡೆ ಹೋದಳು. ಬಂದು ನೋಡಿದರೆ ಉರಿ ಇಳಿದಿತ್ತು. ಏರಿಸಿದಳು. ಸ್ವಲ್ಪ ಹೊತ್ತಿಗೆ ದೊಡ್ಡಕ್ಕನಿಗೂ ಫೋನು ಮಾಡಬೇಕಾಯಿತು. ಭಾವನವರಿಗೆ ಮಾತ್ರೆ ಎಲ್ಲಿದೆಯೆಂದು ಹೇಳಬೇಕಂತೆ, ಗಂಡ ಹೆಂಡತಿ ಮಾತು, ಎದುರಿಗೆ ನಿಂತು ಕೇಳುವುದು ಚೆನ್ನಾಗಿರುವುದಿಲ್ಲ. ಪುಟ್ಟಿ ಮತ್ತೆ ಹೊರಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ಒಳಗಿನಿಂದ ಮಾತೇನೂ ಕೇಳಿಸಲಿಲ್ಲ.

ಕೊನೆಗೆ ಒಬ್ಬಳೇ ಸಿಕ್ಕಾಗ ಅವಳು ಪಾತ್ರೆಯನ್ನು ದಿಟ್ಟಿಸಿದಳು. ಹಣ್ಣು ಕಂದುಗೆಂಪಾಗಿ, ನೊರೆ ಅಂಚಿಗೆ ಸರಿದು, ನಡುವೆ ದಪ್ಪ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಎಲ್ಲ ಸರಿಯಾಗಿಯೇ ಇತ್ತು. ನಿಂಬೆರಸ ಸಾಕಾಯಿತೇ? ಅಳೆದೇ ಹಾಕಿದ್ದಳು. ಆದರೂ ಸಾಲದೆ ಹೋದರೆ? ಇಷ್ಟು ಹಣ್ಣು ನೀರಾಗಿ ಉಳಿದರೆ? ಕನ್ನಡಕದ ಮೇಲಿಂದ ನೋಡಿ “ಹೂಂ” ಎನ್ನುವವರು ಯಾರೂ ಅಲ್ಲಿರಲಿಲ್ಲ. ಅವಳು ತಟ್ಟೆಯಿಂದ ಎರಡು ಹೋಳು ತೆಗೆದುಕೊಂಡು, ಬಾಗಿಲ ಕಡೆಗೊಮ್ಮೆ ನೋಡಿ, ಹಿಂಡಿಬಿಟ್ಟಳು. ಸಿಪ್ಪೆಯನ್ನು ಕಿಟಕಿಯಿಂದ ಹೊರಗೆಸೆದಳು. ತಟ್ಟೆಯಲ್ಲಿ ಹೋಳುಗಳು ಇರಬೇಕಾದುದಕ್ಕಿಂತ ಕಡಿಮೆ ಇದ್ದುದು ಗಮನಕ್ಕೇನೋ ಬಂತು. ಕೈಯ ನವೆಯಲ್ಲಿ ಅದನ್ನು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ.

ಸಂಜೆ ಮೂವರೂ ಹೊರಗೆ ಮೇಜಿನ ಸುತ್ತ ಕೂತರು. ಮುಚ್ಚಳ ಬಿಗಿದ ಸೀಸೆಗಳು ಸಾಲಾಗಿ ಬಟ್ಟೆಯ ಮೇಲೆ ಆರುತ್ತಿದ್ದವು. ಬಣ್ಣ ಬಹಳ ಚೆನ್ನಾಗಿತ್ತು. ಪಾತ್ರೆಯ ಅಂಚಿನಲ್ಲಿ ಉಳಿದದ್ದನ್ನು ಪುಟ್ಟಿ ಬಟ್ಟಲಿಗೆ ಬಳಿದು, ಬ್ರೆಡ್ಡಿನ ತುಂಡುಗಳ ಜೊತೆ ಅಕ್ಕಂದಿರ ಮುಂದಿಟ್ಟು, ಅವರ ಮುಖ ನೋಡುತ್ತ ನಿಂತಳು.

ಸಣ್ಣಕ್ಕ ಬಾಯಿಗಿಟ್ಟುಕೊಂಡು ಒಂದು ಕಣ್ಣು ಮುಚ್ಚಿದಳು. ದೊಡ್ಡಕ್ಕ ನುಂಗಿ ನೀರಿನ ಲೋಟಕ್ಕೆ ಕೈ ಹಾಕಿದಳು. ಪುಟ್ಟಿ ತಾನೂ ನೆಕ್ಕಿ ನೋಡಿದಳು. ಹಲ್ಲಿನ ಬುಡದಿಂದ ಕಿವಿಯವರೆಗೆ ಚುಳ್ ಎಂದಿತು. ಹಣ್ಣಿನ ರುಚಿ ಎಲ್ಲೋ ಆಳದಲ್ಲಿ ಮುಳುಗಿಹೋಗಿತ್ತು.

“ಎಷ್ಟು ಹಿಂಡಿದೆಯೇ?” ಎಂದು ದೊಡ್ಡಕ್ಕ ಮೆಲ್ಲಗೆ ಕೇಳಿದಳು. ಕ್ಲಾಸಿನಲ್ಲಿ ತಪ್ಪು ಮಾಡಿದ ಹುಡುಗಿಯನ್ನು ಎಲ್ಲರೆದುರು ನೋಯಿಸಬಾರದೆಂಬ ಮೆಲುದನಿ. ಆ ದನಿಗೆ ಪುಟ್ಟಿಯ ಕಣ್ಣಂಚು ಉರಿಯಿತು. ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಕ್ಕ ಲೋಟ ಎತ್ತಿಕೊಳ್ಳಲು ಬಾಗಿದಳು. ಅವಳ ಜೋಲಿಯೊಳಗಿನಿಂದ ಏನೋ ಜಾರಿ ಮೇಜಿನ ಮೇಲೆ ಬಿತ್ತು.

ಹಿಂಡಿ ಹಿಪ್ಪೆಯಾದ ನಿಂಬೆಯ ಹೋಳು.

ಯಾರೂ ಅದನ್ನು ಮುಟ್ಟಲಿಲ್ಲ. ಸಣ್ಣಕ್ಕ ಅದನ್ನು ನೋಡಿದಳು, ಅಕ್ಕನನ್ನು ನೋಡಿದಳು, ಆಮೇಲೆ ತನ್ನ ಕೈಗವಸುಗಳನ್ನು ಮುದುರಿಟ್ಟಿದ್ದ ಪೊಟ್ಟಣದ ಕಡೆ ನೋಡಿದಳು. ಅವಳ ಸಿಪ್ಪೆಗಳು ಅದರೊಳಗಿದ್ದವು.

“ನಾನು ಹಿಂಡಿದ್ದು ಎಷ್ಟು ಮಹಾ,” ಎಂದಳು ದೊಡ್ಡಕ್ಕ. “ಒಂದು ಕೈಯಲ್ಲಿ, ಅದೂ ಎಡಗೈಯಲ್ಲಿ, ಎಷ್ಟು ಹಿಂಡಕ್ಕಾಗುತ್ತೆ?”

ಸಣ್ಣಕ್ಕ ನಗಲು ಶುರುಮಾಡಿದಳು. ಉರಿ ಇಳಿಸಿದ್ದೂ ತಾನೇ, ಹಿಂಡಿದ್ದೂ ತಾನೇ ಎಂದು ನಗುತ್ತಲೇ ಒಪ್ಪಿಕೊಂಡಳು. ಮಗನಿಗೆ ಫೋನು ಹೋಗಿಯೇ ಇರಲಿಲ್ಲವಂತೆ. ದೊಡ್ಡಕ್ಕನೂ ಮೊದಲು ಬಿಗಿದ ಮುಖ ಸಡಿಲಿಸಿ, ಪ್ಲಾಸ್ಟರಿನ ಕೈ ಕುಲುಕುವಷ್ಟು ನಕ್ಕಳು. ಅಮ್ಮ ಇದ್ದಿದ್ದರೆ ಅವಳದ್ದೂ ಒಂದು ಹೋಳು ಬೀಳುತ್ತಿತ್ತು ಎಂದಳು.

“ನಾನೂ ಎರಡನೇ ಸಲ ಹಿಂಡಿದೆ,” ಎಂದಳು ಪುಟ್ಟಿ.

ಇಬ್ಬರಿಗೂ ನಗು ಇಮ್ಮಡಿಸಿತು. ಪುಟ್ಟಿಗೆ ಬರಲಿಲ್ಲ. ಅಕ್ಕಂದಿರು ಅವಳ ಕೆಲಸವನ್ನು ತಿದ್ದಿದ್ದರು, ಅದು ಹೊಸತಲ್ಲ. ಆದರೆ ತನ್ನ ಕೈ ಸರಿಯಾಗಿ ಅಳೆದು ಹಾಕಿದ್ದನ್ನು ತಾನೇ ಕಳ್ಳಿಯಂತೆ ಬಾಗಿಲು ನೋಡಿಕೊಂಡು ತಿದ್ದಿದ್ದಳು. ಆ ಮೇಜಿನ ಹಿಂದೆ ಕೂತರೂ ಹೀಗೆಯೇ ಆದೀತು ಎನ್ನಿಸಿತು. ಒಂದು ಪೊಟ್ಟಣವನ್ನು ಬಿಚ್ಚಿ ಎಣಿಸಿ, ಮತ್ತೆ ಬಿಚ್ಚಿ ಎಣಿಸಿ, ಕಿಟಕಿಯ ಆಚೆ ಜನ ಸಾಲುಗಟ್ಟಿ ನಿಂತಿರುತ್ತಾರೆ.

ದೊಡ್ಡಕ್ಕ ಕಣ್ಣೊರೆಸಿಕೊಂಡು, ಹೋಗಲಿ ಬಿಡು, ನಾಳೆ ಉಳಿದ ಹಣ್ಣಿನಲ್ಲಿ ನಿಂಬೆಯೇ ಇಲ್ಲದ ಒಂದು ಪಾತ್ರೆ ಕಾಯಿಸಿ ಇದಕ್ಕೆ ಬೆರೆಸಿದರಾಯಿತು ಎಂದಳು. ಎಡಗೈಯಲ್ಲಾದರೂ ತಾನೇ ತಿರುವುತ್ತಾಳಂತೆ. ಪುಟ್ಟಿ ಪಕ್ಕದಲ್ಲಿದ್ದು ಪಾತ್ರೆ ಹಿಡಿದುಕೊಂಡರೆ ಸಾಕಂತೆ.

“ಪಾತ್ರೆ ನಂದು ಅಂದಿದ್ದೆ ನೀನು,” ಎಂದಳು ಪುಟ್ಟಿ.

“ಅಂದಿದ್ದೆ ಕಣೇ. ನೋಡಿದ್ಯಲ್ಲ.”

ಪುಟ್ಟಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಪಾತ್ರೆಯ ತಳವನ್ನು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು.

ಮರುದಿನ ಬೆಳಗ್ಗೆ ಅಕ್ಕಂದಿರು ಏಳುವ ಮೊದಲೇ ಅವಳು ತೋಟಕ್ಕಿಳಿದಳು. ಏಣಿ ಮುಟ್ಟಲಿಲ್ಲ. ಕೈಗೆ ಎಟುಕುವ ಕೊಂಬೆಗಳಲ್ಲಿ ಕುತ್ತಿಗೆ ಬಾಗಿದ ಹಣ್ಣುಗಳನ್ನಷ್ಟೇ ನೋಡಿ ನೋಡಿ ಕಿತ್ತಳು. ರಾತ್ರಿಯ ತಂಪು ಇನ್ನೂ ಅವುಗಳ ಮೈಮೇಲಿತ್ತು. ನಿನ್ನೆ ಸಣ್ಣಕ್ಕ ಮೆತ್ತಗಾಗಿವೆಯೆಂದು ಬೇರೆಯಿಟ್ಟಿದ್ದ ಬಕೆಟ್ಟಿನಿಂದಲೂ ಒಂದಷ್ಟನ್ನು ಆರಿಸಿದಳು. ಹೆಚ್ಚಿ, ಸಕ್ಕರೆ ಬೆರೆಸಿ, ಸಣ್ಣ ಪಾತ್ರೆಯಲ್ಲಿ ಒಲೆಗಿಟ್ಟಳು. ಬಟ್ಟಲಲ್ಲಿ ಒಂದು ನಿಂಬೆಹಣ್ಣು ಇತ್ತು. ಅಳೆದು ಹಿಂಡಿದಳು. ಸಿಪ್ಪೆಯನ್ನು ತಟ್ಟೆಯಲ್ಲಿ ಕಣ್ಣಿಗೆ ಕಾಣುವಂತೆ ಇಟ್ಟಳು. ಆಮೇಲೆ ಬಾಗಿಲ ಬಳಿ ಹೋಗಿ ಚಿಲಕ ಹಾಕಿದಳು.

ಅವರ ಮನೆಯಲ್ಲಿ ಅಡುಗೆಮನೆಯ ಚಿಲಕವನ್ನು ಯಾರೂ ಯಾವತ್ತೂ ಹಾಕಿದ್ದಿಲ್ಲ. ಇಲ್ಲಿಯ ಚಿಲಕ ತುಕ್ಕು ಹಿಡಿದು ಅರ್ಧಕ್ಕೆ ನಿಂತಿತು. ಪುಟ್ಟಿ ಒರಳಿನ ಗುಂಡಿನಿಂದ ಎರಡು ಏಟು ಕೊಟ್ಟು ಕೂರಿಸಿದಳು. ಆ ಸದ್ದಿಗೇ ಇರಬೇಕು, ಇಬ್ಬರೂ ಎದ್ದು ಬಂದರು.

ಮೊದಲು ಸಣ್ಣಕ್ಕ ತಟ್ಟಿದಳು. ಮಗನಿಗೆ ಫೋನು ಮಾಡಬೇಕಿತ್ತಂತೆ, ಇವತ್ತು ನಿಜವಾಗಿಯೂ. ಆಮೇಲೆ ಮಾಡು ಎಂದಳು ಪುಟ್ಟಿ. ಇದೇನು ಹೊಸ ವೇಷ, ಒಳಗೆ ಏನಾದರೂ ಆದರೆ ಬಾಗಿಲು ಒಡೆಯಬೇಕೇ ಎಂದಳು ಸಣ್ಣಕ್ಕ. ಪುಟ್ಟಿ ಸೌಟಿನಿಂದ ಅಂಚಿನ ನೊರೆ ತೆಗೆದಳು. ದೊಡ್ಡಕ್ಕ ಕೋಲಿನಿಂದ ಎರಡು ಸಲ ತಟ್ಟಿ, ಇನ್ನೇನು ತಿಂಡಿಯ ಹೊತ್ತಾಯಿತು, ಮಧ್ಯಾಹ್ನ ಹೊರಡಬೇಕು, ಗಂಟುಮೂಟೆ ಕಟ್ಟುವವರು ಯಾರು ಎಂದಳು. ಅದಕ್ಕೂ ಬಾಗಿಲು ತೆರೆಯದಿದ್ದಾಗ ಸದ್ದು ನಿಂತಿತು. ನಿಂತದ್ದೇ ಪುಟ್ಟಿಗೆ ಹೆಚ್ಚು ಕಷ್ಟವಾಯಿತು. ಸೌಟು ತಿರುವುತ್ತ ಅವಳ ಕೈ ಒಲೆಯ ಗುಂಡಿಯ ತನಕ ಹೋಗಿ ಹಿಂದೆ ಬಂತು. ಉರಿ ಸರಿಯಾಗಿಯೇ ಇತ್ತು.

ಪಾಕ ಇನ್ನೂ ತೆಳ್ಳಗಿತ್ತು. ತಟ್ಟೆಯ ಮೇಲೆ ಹನಿ ಹಾಕಿ ನೋಡುವ ಹೊತ್ತು ಬಂದಿರಲಿಲ್ಲ. ಅವಳು ಕಿಟಕಿಯ ಕಟ್ಟೆಯ ಮೇಲಿದ್ದ ಫೋನನ್ನು ನೋಡಿದಳು. ಹನಿ ಹರಿಯದೆ ನಿಂತು ಪಾತ್ರೆ ಇಳಿಸಿದರೆ ಫೋನು ಮಾಡಬೇಕು, ಇಲ್ಲದಿದ್ದರೆ ಬಿಡಬೇಕು, ಪಣ ಕಟ್ಟಿದ್ದು ಹಾಗೆ. ಸೌಟು ಇನ್ನೊಂದು ಸುತ್ತು ಬಂತು. ಅವಳು ಎಡಗೈಯಲ್ಲಿ ಫೋನು ತೆಗೆದುಕೊಂಡು ಆಡಳಿತಾಧಿಕಾರಿಯ ನಂಬರು ಒತ್ತಿದಳು. ಬಲಗೈ ತಿರುವುತ್ತಲೇ ಇತ್ತು.

“ನಮಸ್ಕಾರ ಸರ್. ಭಾನುವಾರ ತೊಂದರೆ ಕೊಟ್ಟೆ. ಆ ಕೆಲಸ ಒಪ್ಪಿಕೊಂಡಿದೀನಿ ಅಂತ ಹೇಳೋಕೆ ಮಾಡಿದೆ.” ಅವರು ಏನೋ ಕೇಳಿದರು. “ಇಲ್ಲ ಸರ್, ಯಾರನ್ನೂ ಕೇಳೋದಿಲ್ಲ. ಕೇಳಬೇಕಾಗಿಲ್ಲ.”

ಫೋನು ಕಟ್ಟೆಯ ಮೇಲಿಟ್ಟು ತಲೆಯೆತ್ತಿದಾಗ ಕಿಟಕಿಯ ಸರಳುಗಳ ಆಚೆ ದೊಡ್ಡಕ್ಕ ನಿಂತಿದ್ದಳು. ಹಿತ್ತಲ ಸುತ್ತಿ ಬಂದಿದ್ದಳು, ಚಪ್ಪಲಿಯ ತುಂಬ ಕೆಸರು. ಎಡಗೈಯಲ್ಲಿ ಎಲ್ಲಿಂದಲೋ ಕಿತ್ತು ತಂದ ಒಂದು ಹಸಿರು ನಿಂಬೆಕಾಯಿ.

“ಏನು ಒಪ್ಕೊಂಡೆ?”

“ಆಮೇಲೆ ಹೇಳ್ತೀನಿ. ಈಗ ಕೈ ಬಿಡೋ ಹಾಗಿಲ್ಲ.”

ದೊಡ್ಡಕ್ಕ ಪಾತ್ರೆಯ ಕಡೆ ಕತ್ತು ಚಾಚಿದಳು. ಸರಳಿನ ಸಂದಿಯಿಂದ ನಿಂಬೆಕಾಯಿ ಹಿಡಿದ ಕೈ ಒಳಗೆ ಬಂತು. ಒಲೆಯಿಂದ ಗೇಣು ದೂರದಲ್ಲಿ ನಿಂತಿತು.

“ಹಿಂಡಿದ್ಯಾ?”

“ಹಿಂಡಿದೀನಿ.”

“ಎಷ್ಟು?”

“ಬೇಕಾದಷ್ಟು.”

ಕೈ ಅಲ್ಲೇ ಇತ್ತು. ಕುದಿಯುವ ಪಾಕದ ಆವಿ ಅದರ ಬೆರಳುಗಳಿಗೆ ತಾಗುತ್ತಿತ್ತು. ಪುಟ್ಟಿ ಅದನ್ನು ತಳ್ಳಲೂ ಇಲ್ಲ, ಅದರಿಂದ ಏನನ್ನೂ ತೆಗೆದುಕೊಳ್ಳಲೂ ಇಲ್ಲ. ಸೌಟಿನಿಂದ ಒಂದು ಹನಿಯನ್ನು ತಣ್ಣನೆಯ ತಟ್ಟೆಯ ಮೇಲೆ ಬಿಟ್ಟು, ಅಭ್ಯಾಸ ಬಲದಿಂದ “ದೊಡ್ಡಕ್ಕಾ, ನೋಡು” ಎಂದು ಗಂಟಲಿಗೆ ಬಂದ ಮಾತನ್ನು ಒಳಗೇ ಇಟ್ಟುಕೊಂಡು, ತಟ್ಟೆಯನ್ನು ತನ್ನ ಕಡೆಗೆ ವಾಲಿಸಿದಳು. ಹನಿ ಒಂದಿಷ್ಟು ಜಾರಿತು. ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ಅವಳು ತಟ್ಟೆ ತೊಳೆದಿಟ್ಟು ಮತ್ತೆ ಸೌಟು ಹಿಡಿದಳು.

ಕಿಟಕಿಯಲ್ಲಿದ್ದ ಕೈ ಹಿಂದಕ್ಕೆ ಸರಿಯುವ ಮೊದಲು ನಿಂಬೆಕಾಯಿಯನ್ನು ಕಟ್ಟೆಯ ಮೇಲೆ, ಫೋನಿನ ಪಕ್ಕದಲ್ಲಿ ಇಟ್ಟಿತು. ಅದು ಉರುಳಿ ಸರಳಿಗೆ ತಾಗಿ ನಿಂತಿತು. ದೊಡ್ಡಕ್ಕ ಹೋಗಿ ಒಗೆಯುವ ಕಲ್ಲಿನ ಮೇಲೆ ಕಿಟಕಿಗೆ ಬೆನ್ನು ಹಾಕಿ ಕೂತಳು. ಎರಡು ಸಲ ತಿರುಗಿ ನೋಡಲು ಹೊರಟವಳು ಕುತ್ತಿಗೆಯ ಜೋಲಿಯ ಗಂಟನ್ನು ಸರಿಮಾಡಿಕೊಂಡು ಸುಮ್ಮನಾದಳು. ಒಳಗೆ ಪಾಕದ ಗುಳ್ಳೆಗಳು ನಿಧಾನವಾಗಿ, ಒಂದಕ್ಕಿಂತ ಒಂದು ದಪ್ಪವಾಗಿ ಏಳುತ್ತಿದ್ದವು.